ಸ್ವರಸಾಕ್ಷಿಯ ಕುರ್ಚಿ

ಒಡೆದುಹೋದ ಸಂಗೀತ ತಂಡಗಳು ಮತ್ತೆ ಒಂದಾಗುವುದನ್ನು ಕಂಡರೆ ದೇವರಾಜ್ ಅವರಿಗೆ ಆಗುತ್ತಿರಲಿಲ್ಲ. ವಾರವೆಲ್ಲ ಅವರು ಅರಸೀಕೆರೆಯ ನೀರಾವರಿ ಕಚೇರಿಯ ಗುಮಾಸ್ತರು. ಶುಕ್ರವಾರ ಮಾತ್ರ 'ಸ್ವರಸಾಕ್ಷಿ'. ಊರಿನ 'ತೆಂಗುಸೀಮೆ' ವಾರಪತ್ರಿಕೆಯ ಮೂರನೇ ಪುಟದಲ್ಲಿ, ಕೊಬ್ಬರಿ ಧಾರಣೆಯ ಪಕ್ಕದಲ್ಲೇ ಕುಳಿತು, ಆ ಹೆಸರಿನಲ್ಲಿ ಜಗತ್ತಿನ ಸಂಗೀತಕ್ಕೆಲ್ಲ ತೀರ್ಪು ಕೊಡುತ್ತಿದ್ದರು. (ಧಾರಣೆ ನೋಡುವವರ ಕಣ್ಣು ಜಾರಿ ಅಂಕಣದ ಮೇಲೂ ಬೀಳುತ್ತದೆ ಎಂಬುದು ಅವರ ಒಂಬತ್ತು ವರ್ಷಗಳ ನಂಬಿಕೆ.)

೨೦೦೪ರ ಡಿಸೆಂಬರಿನಲ್ಲಿ ಪಿಯುಸಿ ಓದುವ ಮಗಳು ಧನುಶ್ರೀ ಕೇಬಲ್ ಟಿವಿಯಿಂದ ಸುದ್ದಿ ತಂದಳು.

"ಅಪ್ಪಾ, ಆ ಅಮೆರಿಕದ ಗಿಟಾರ್ ಬ್ಯಾಂಡ್ ಇತ್ತಲ್ಲ, ಕಿತ್ತಾಡ್ಕೊಂಡು ಬಿಟ್ಟುಹೋಗಿದ್ರಲ್ಲ, ಮತ್ತೆ ಸೇರ್ಕೊಂಡ್ರಂತೆ!"

"ಯಾರು, ಚಡ್ಡಿ ಹಾಕ್ಕೊಂಡು ಎಗರಾಡೋರಾ?"

"ಮಧ್ಯೆ ಮಧ್ಯೆ ಹಾಡ್ತಾರೆ ಅಪ್ಪಾ."

"ಹದಿನೆಂಟರಲ್ಲಿ ಅಪ್ಪ ಬೈದ ಅಂತ ಹಾಡು ಕಟ್ಟಿದ್ರು. ಈಗ ಅವರೇ ಅಪ್ಪಂದಿರು. ಇನ್ನು ಯಾರ ಮೇಲೆ ಸಿಟ್ಟು ಮಾಡ್ಕೊಂಡು ಕಿರುಚ್ತಾರೆ?"

ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಲತಾಮಣಿ ತಲೆ ಎತ್ತಲಿಲ್ಲ. "ಜಗಳ ಮುಗಿದ್ಮೇಲೆ ಸೇರ್ಬಾರ್ದೇನ್ರೀ?"

"ಜಗಳ ಮುಗಿಯಲ್ಲ ಕಣೇ. ಹಳೇದಾಗುತ್ತೆ, ಅಷ್ಟೆ."

ಈ ಮಾತು ಅವರಿಗೇ ಬಹಳ ಹಿಡಿಸಿಬಿಟ್ಟಿತು. ಆ ಶುಕ್ರವಾರದ ಅಂಕಣಕ್ಕೆ ಅದೇ ತಲೆಬರಹವಾಯಿತು. ಒಮ್ಮೆ ಮುರಿದ ತಂಡ ಮತ್ತೆ ವೇದಿಕೆ ಹತ್ತುವುದು ನಾದದೇವಿಗೆ ಮಾಡುವ ಘೋರ ಅಪಚಾರವೆಂದೂ, ಅಂಥವರು ಮನೆಯಲ್ಲಿ ಮಕ್ಕಳ ಪಾಠ ನೋಡಿಕೊಂಡಿರುವುದು ಲೋಕಕ್ಕೆ ಕ್ಷೇಮವೆಂದೂ ಬರೆದರು.

ಭಾನುವಾರ ಬೆಳಿಗ್ಗೆ ಬಸ್ ಕಂಡಕ್ಟರ್ ಕೆಂಚಯ್ಯ ಮನೆಗೆ ಬಂದ. ಖಾಕಿ ಅಂಗಿಯ ಜೇಬಿನಿಂದ ಆಹ್ವಾನ ಪತ್ರಿಕೆ ತೆಗೆದು ನೇರವಾಗಿ ಲತಾಮಣಿಯ ಕೈಗೆ ಕೊಟ್ಟ.

"ಲತಕ್ಕಾ, ಮಹಾಂತೇಶನೂ ಒಪ್ಕೊಂಡ. ಗುರುವಾರ ಸಂಜೆ ಬೇಲೂರಲ್ಲಿ ಪ್ರೋಗ್ರಾಮು. ನಿನ್ ಹಾಡು ಮೂರು ಐತೆ. ಸಾರ್, ನೀವೂ ಬರ್ಬೇಕು. ಪೇಪರ್ನಲ್ಲಿ ನಾಕು ಸಾಲು ಒಳ್ಳೇದು ಬರೀರಿ, ಹೋದ್ ವಾರದ ತರ ಅಲ್ಲ."

ಕಾರ್ಡಿನ ಮೇಲೆ 'ಎಳನೀರು ಮೆಲೋಡೀಸ್, ಹದಿನೆಂಟು ವರ್ಷಗಳ ನಂತರ' ಎಂದಿತ್ತು. ದೇವರಾಜ್ ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಜಾರಿದರು.

ಮದುವೆಗೆ ಮುಂಚೆ ಲತಾಮಣಿ ಆ ತಂಡದ ಗಾಯಕಿ. ಕೆಂಚಯ್ಯ ಡ್ರಮ್, ಮಹಾಂತೇಶ್ ಕೀಬೋರ್ಡ್. ಬಟ್ಟೆಯ ಬ್ಯಾನರಿನಲ್ಲಿ ಯಾರ ಹೆಸರು ಮೇಲಿರಬೇಕು ಎಂಬ ಮಹಾಪ್ರಶ್ನೆಯ ಮೇಲೆ ಇಬ್ಬರೂ ಕೈಕೈ ಮಿಲಾಯಿಸಿ, ಜಾವಗಲ್‌ನ ವೇದಿಕೆಯಲ್ಲೇ ತಂಡ ಎರಡು ಹೋಳಾಗಿತ್ತು. ಮರುವರ್ಷ ಲತಾಮಣಿಗೆ ಮದುವೆಯಾಯಿತು. ಅಲ್ಲಿಂದ ಮುಂದೆ ದೇವರಾಜ್ ಹೆಂಡತಿಯ ಹಾಡು ಕೇಳಿದ್ದು ಮಗಳ ತೊಟ್ಟಿಲ ಬಳಿ ಮಾತ್ರ. ಅದೂ ಅರ್ಧ ನಿದ್ದೆಯಲ್ಲಿ. ಲೋಕದ ಹಾಡನ್ನೆಲ್ಲ ಕೇಳುವ ಗಡಿಬಿಡಿಯಲ್ಲಿ ಅವರಿಗೆ ಅದೊಂದು ಕೊರತೆ ಎಂದು ತೋರಿರಲಿಲ್ಲ.

ಈಗ ಒಂದು ಸಂಗತಿ ಹೊಳೆಯಿತು. ಹದಿನೈದು ದಿನಗಳಿಂದ ಮನೆಯಲ್ಲಿ ಚಟ್ನಿ ವಿಪರೀತ ನುಣ್ಣಗಿತ್ತು. ಮಿಕ್ಸಿ ಕಾಲು ಗಂಟೆ ತಿರುಗುತ್ತಿತ್ತು. ಅದರ ಸದ್ದಿನ ಮರೆಯಲ್ಲಿ ಇನ್ನೊಂದು ಸದ್ದು ಇದ್ದಂತಿತ್ತು. ಮಿಕ್ಸಿಯ ಬೇರಿಂಗ್ ಹೋಗಿರಬೇಕೆಂದು ಅವರು ಭಾವಿಸಿದ್ದರು.

"ಅಂಕಣ ಓದಿದ್ಯಾ?" ಎಂದರು, ಕೆಂಚಯ್ಯ ಹೋದ ಮೇಲೆ.

"ಓದ್ದೆ." ಲತಾಮಣಿ ಕಾರ್ಡನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು. "ಮುಂದಿನ ಸಾಲಲ್ಲಿ ನಿಮಗೊಂದು ಕುರ್ಚಿ ಇಡ್ಸಿರ್ತೀನಿ. ಬರ್ತೀರಲ್ಲ?"

ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವಳು ಕೇಳಿದ್ದು ಕುರ್ಚಿಯ ವಿಷಯ. "ಬರ್ತೀನಿ" ಎಂದರು.

ಇಲ್ಲಿ ಪತ್ರಿಕೆಯ ಒಂದು ಪದ್ಧತಿಯನ್ನು ಹೇಳಬೇಕು. ಗುರುವಾರ ಮಧ್ಯಾಹ್ನ ಮೂರಕ್ಕೆ ಪುಟಗಳು ಅಚ್ಚಿಗೆ ಹೋಗುತ್ತಿದ್ದವು. ಗುರುವಾರ ಸಂಜೆಯ ಕಾರ್ಯಕ್ರಮದ ವರದಿ ಶುಕ್ರವಾರ ಬೆಳಿಗ್ಗೆ ಬರಲೇಬೇಕಿತ್ತು. ಹಾಗಾಗಿ ಆಹ್ವಾನ ಪತ್ರಿಕೆ ನೋಡಿಯೇ ವರದಿ ಬರೆಯುವುದು ವಾಡಿಕೆ. ಹಾಡಿದವರು ಮಂತ್ರಮುಗ್ಧಗೊಳಿಸಿದರು, ಸಭೆ ಕಿಕ್ಕಿರಿದಿತ್ತು, ಮಾತಾಡಿದವರು ಮಾರ್ಮಿಕವಾಗಿ ನುಡಿದರು. ಒಂಬತ್ತು ವರ್ಷಗಳಲ್ಲಿ ಒಬ್ಬರೂ ತಕರಾರು ತೆಗೆದಿರಲಿಲ್ಲ. ಹೊಗಳಿಸಿಕೊಂಡವರು ಯಾಕೆ ತೆಗೆಯುತ್ತಾರೆ?

ಆ ಗುರುವಾರ ದೇವರಾಜ್ ಪ್ರಾಯಶ್ಚಿತ್ತದ ಭಾವದಿಂದ ಬರೆದರು. ತಮ್ಮ ಹಿಂದಿನ ಅಭಿಪ್ರಾಯ ಅವಸರದ್ದೆಂದೂ, ಕೆಲವು ತಂಡಗಳ ಪುನರ್ಮಿಲನ ನೆಲಕ್ಕೆ ಮಳೆ ಬಿದ್ದಂತೆ ಎಂದೂ ಒಪ್ಪಿಕೊಂಡರು. ಸಂಪಾದಕ ಚನ್ನಬಸವಯ್ಯನವರ ಕೈಗೆ ಹಾಳೆ ಕೊಟ್ಟು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೇಲೂರಿನ ಬಸ್ ಹತ್ತಿದರು. ತಾಯಿ, ಮಗಳು ಬೆಳಿಗ್ಗೆಯೇ ಹೋಗಿದ್ದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಮೇಲೆ ಅವರಿಗೆ ಭಯ ಶುರುವಾಯಿತು. ಅವಳು ಕೆಟ್ಟದಾಗಿ ಹಾಡಿಬಿಟ್ಟರೆ? ಮುಂದಿನ ಸಾಲಿನಲ್ಲಿ ಕುಳಿತು ಮುಖ ಎಲ್ಲಿಡುವುದು? ಚೆನ್ನಾಗಿ ಹಾಡಿದರೆ ಇನ್ನೂ ಕಷ್ಟ: ಹದಿನೇಳು ವರ್ಷ ಮನೆಯಲ್ಲೇ ಇದ್ದುದನ್ನು ಕೇಳದೆ ಉಳಿದ ಸ್ವರಸಾಕ್ಷಿ ಎಂಥವನು? ಜಾವಗಲ್‌ನಲ್ಲಿ ಬಸ್ ನಿಂತಿತು. ಟೀ ಕುಡಿಯಲೆಂದು ಇಳಿದರು. ಬಸ್ ಹಾರ್ನ್ ಮಾಡಿತು. ಡ್ರೈವರ್ ತಿರುಗಿ ನೋಡಿದ. ದೇವರಾಜ್ ಗಾಜಿನ ಲೋಟದೊಳಗೆ ಬಹಳ ಗಮನವಿಟ್ಟು ನೋಡುತ್ತಿದ್ದರು.

ಬಸ್ ಹಳೇಬೀಡಿನ ಕಡೆ ಹೋಯಿತು. ಅವರು ಎದುರಿನಿಂದ ಬಂದ ಬಸ್ಸಿನಲ್ಲಿ ಅರಸೀಕೆರೆಗೆ ವಾಪಸಾದರು.

ಮರುದಿನ ಒಂಬತ್ತೂವರೆಗೆ ತಾಯಿ ಮಗಳು ಮನೆಗೆ ಬಂದರು. ಬೇಲೂರಿನಲ್ಲಿ ಲತಾಮಣಿಯ ಅಕ್ಕ ಕಾಂತಮ್ಮನ ಮನೆಯಲ್ಲಿ ಉಳಿದಿದ್ದರು. ಅವಳ ಜಡೆಯಲ್ಲಿ ನಿನ್ನೆಯ ಕನಕಾಂಬರ ಬಾಡಿತ್ತು.

"ಎಲ್ಲಿ ಕೂತಿದ್ರಿ?" ಎಂದಳು.

"ಹಿಂದೆ. ಬಾಗಿಲ ಹತ್ರ. ಮುಂದೆ ಕೂತ್ರೆ ನಿನಗೆ ಮುಜುಗರ ಆಗುತ್ತೆ ಅಂತ. ಮುಗಿದ ತಕ್ಷಣ ಕೊನೇ ಬಸ್ಸು ಹಿಡಿದೆ."

"ಹೌದಾ? ಹೇಗಿತ್ತು?"

ಬಾಯಿಗಿಂತ ಅಚ್ಚು ಮೇಲು ಎಂದುಕೊಂಡು ದೇವರಾಜ್ ಪತ್ರಿಕೆಯನ್ನು ಮುಂದಿಟ್ಟರು. ಅವಳು ನಿಂತೇ ಓದತೊಡಗಿದಳು, ಶಾಲೆಯ ಮಕ್ಕಳಿಗೆ ಓದಿ ಹೇಳುವ ಹಾಗೆ.

"'ಕೆಂಚಯ್ಯನವರ ಡ್ರಮ್ ಹಾಗೂ ಮಹಾಂತೇಶ್ ಅವರ ಕೀಬೋರ್ಡ್ ಒಡಹುಟ್ಟಿದವರಂತೆ ಬೆರೆತವು.'"

ಧನುಶ್ರೀ ದುಪಟ್ಟಾ ಬಾಯಿಗೆ ಒತ್ತಿಕೊಂಡಳು.

"ಏನಾಯ್ತು?" ಎಂದರು ದೇವರಾಜ್.

"ಅಪ್ಪಾ, ಈ ಸಲ ಫ್ಲೆಕ್ಸ್ ಹಾಕ್ಸಿದ್ರು. ಅದ್ರಲ್ಲಿ ಮಹಾಂತೇಶ್ ಅಂಕಲ್ ಫೋಟೋ ದೊಡ್ಡದಿತ್ತು. ಕೆಂಚಯ್ಯ ಮಾಮ ಒಂದೇಟೂ ಬಾರಿಸ್ಲಿಲ್ಲ. ಡ್ರಮ್ ಹೊತ್ಕೊಂಡು ಬಿಕ್ಕೋಡು ಬಸ್ ಹತ್ತಿದ್ರು. ಅಂಕಲ್ ಕೀಬೋರ್ಡ್ ಎತ್ಕೊಂಡು ಹೋಟ್ಲಿಗೆ ಹೋದ್ರು."

ದೇವರಾಜ್ ಮಂಚದ ಅಂಚಿನಲ್ಲಿ ಕುಳಿತರು. ಹೋದ ವಾರದ ಅಂಕಣ ಅಕ್ಷರಶಃ ನಿಜವಾಗಿತ್ತು. ಅದು ನಿಜವಾದ ದಿನವೇ ಅವರು ಅದನ್ನು ತಮ್ಮ ಕೈಯಾರೆ ಹಿಂದಕ್ಕೆ ಪಡೆದಿದ್ದರು, ಎಂಟುನೂರು ಪ್ರತಿಗಳಲ್ಲಿ.

"ಹಾಗಾದ್ರೆ ನೀನು?"

"ಜನ ಬಂದು ಕೂತಿದ್ರಲ್ಲ. ಒಂದು ಹಾಡು ಹಾಡಿದೆ, ಒಬ್ಳೇ." ಲತಾಮಣಿ ಪತ್ರಿಕೆಯನ್ನು ನಿಧಾನವಾಗಿ ಮಡಚಿದಳು. "ನಿಮ್ಮ ಕುರ್ಚಿ ಮೇಲೆ ಯಾರೋ ಮಫ್ಲರ್ ಇಟ್ಟು ಎದ್ದುಹೋಗಿದ್ರು. ಈಗ ಬರ್ತಾರೆ, ಈಗ ಬರ್ತಾರೆ ಅಂತ ಆ ಮಫ್ಲರ್ ನೋಡ್ಕೊಂಡೇ ಹಾಡ್ದೆ."

ಒಂಬತ್ತು ವರ್ಷಗಳ ವಿಶೇಷಣಗಳಲ್ಲಿ ಒಂದೂ ದೇವರಾಜ್ ಅವರ ಸಹಾಯಕ್ಕೆ ಬರಲಿಲ್ಲ.

"ಜಾವಗಲ್ ತನಕ ಬಂದಿದ್ದೆ," ಎಂದರು ಕೊನೆಗೆ. "ಹೆದರಿಕೆ ಆಯ್ತು ಲತಾ."

ಲತಾಮಣಿ ಅಡುಗೆಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ನಡುಮನೆಯಲ್ಲಿ ಇಟ್ಟಳು.

"ಕೂತ್ಕೊಳ್ಳಿ. ಮೂರು ಹಾಡು ಅಂತ ಬರ್ದಿದೀರಿ. ನಾನು ಹಾಡಿದ್ದು ಒಂದು. ಅಚ್ಚಾಗಿರೋದು ಸುಳ್ಳಾಗ್ಬಾರ್ದು."

"ಆಫೀಸಿಗೆ..."

"ಕೂತ್ಕೊಳ್ಳಿ."

ಕುಳಿತರು. ಅಭ್ಯಾಸಬಲದಿಂದ ಕೈ ಜೇಬಿನ ಪೆನ್ನಿಗೆ ಹೋಯಿತು. ಲತಾಮಣಿ ಕೈ ಚಾಚಿದಳು; ಪೆನ್ನು ಅವಳ ಕೈಗೆ ಹೋಯಿತು. ಈ ಬಾರಿ ಮಿಕ್ಸಿ ತಿರುಗಲಿಲ್ಲ. ಎರಡನೇ ಹಾಡು ಸರಾಗವಾಗಿ ಹರಿಯಿತು. ಮೂರನೆಯದರಲ್ಲಿ, ವರದಿಯ ಪ್ರಕಾರ ಸಭೆ ಸ್ತಬ್ಧವಾಗಬೇಕಿದ್ದ ಮೇಲಿನ ಸ್ವರದ ಬಳಿ, ಅವಳ ಗಂಟಲು ಒಡೆಯಿತು. ಅವಳು ನಿಲ್ಲಿಸಲಿಲ್ಲ. ಒಡೆದ ಗಂಟಲಿನಲ್ಲೇ ಸ್ವರವನ್ನು ಮುಟ್ಟಿ ಕೆಳಗಿಳಿದಳು. ನಡುಮನೆಯ ಸಭೆ ನಿಜವಾಗಿಯೂ ಸ್ತಬ್ಧವಾಗಿತ್ತು. ಸ್ವರಸಾಕ್ಷಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು.

ಧನುಶ್ರೀ ಪತ್ರಿಕೆ ಬಿಚ್ಚಿದಳು. "ಅಪ್ಪಾ, 'ಪ್ರೇಕ್ಷಕರು ಎದ್ದು ನಿಂತು ಒನ್ಸ್ ಮೋರ್ ಎಂದು ಎರಡು ಬಾರಿ ಕೂಗಿದರು' ಅಂತ ಇದೆ."

ಗಂಟೆ ಹತ್ತೂ ಕಾಲಾಗಿತ್ತು. ದೇವರಾಜ್ ಎದ್ದು ನಿಂತರು. ಒಮ್ಮೆ ಕೆಮ್ಮಿ, "ಒನ್ಸ್ ಮೋರ್!" ಎಂದು ಕೂಗಿದರು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಸಣ್ಣತಾಯಮ್ಮ ತಲೆ ಎತ್ತಿದಳು. "ಯಾಕ್ ಲತಮ್ಮ, ಯಜಮಾನ್ರು ಹಿಂಗ್ ಕಿರುಚ್ತಾ ಅವ್ರೆ? ಏನಾಯ್ತು?"

"ಏನಿಲ್ಲ ಬಿಡಿ, ನಿನ್ನೆ ಕೂಗ್ಬೇಕಿತ್ತು, ಮರೆತಿದ್ರು," ಎಂದಳು ಲತಾಮಣಿ. ಆಮೇಲೆ ಗಂಡನ ಕಡೆ ತಿರುಗಿ, "ಹ್ಞೂಂ, ಒಂದು ಆಯ್ತು. ಎರಡು ಅಂತ ಅಲ್ವೇನ್ರೀ ಬರ್ದಿರೋದು?"