ಯಾರೂ ಬಳಸದ ಫೈಲು

ಧನರಾಜನಿಗೆ ಸ್ವಚ್ಛತೆಯ ಹುಚ್ಚು ವರ್ಷಕ್ಕೊಮ್ಮೆ, ದೀಪಾವಳಿಯ ಮುಂಚೆ ಹಿಡಿಯುತ್ತಿತ್ತು. ಹಿಡಿದರೆ ಯಾರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಎರಡು ಸಾವಿರದ ಎರಡನೇ ಇಸವಿಯ ಆ ಸೋಮವಾರ ತಡೆಯುವವರೂ ಇರಲಿಲ್ಲ. ಬಸವಕಲ್ಯಾಣದ ಅವನ ಬಟ್ಟೆ ಅಂಗಡಿಗೆ ರಜೆ. ಹೆಂಡತಿ ಲಲಿತಾಬಾಯಿ ಓಣಿಯ ಹೆಂಗಸರ ಜೊತೆ ನಾರಾಯಣಪುರದ ಗುಡಿಗೆ ಹೋಗಿದ್ದಳು, ಮಗಳು ಸ್ನೇಹಲ್ ಕಾಲೇಜಿಗೆ. ಹತ್ತು ಗಂಟೆಯೊಳಗೆ ಅಟ್ಟ ಖಾಲಿ. ಮುರುಕು ಕುರ್ಚಿ, ತೂತುಬಿದ್ದ ಕೊಡ, ಮಸಿ ಹಿಡಿದ ದೊಡ್ಡ ಹಂಡೆ, ಎಲ್ಲವನ್ನೂ ಹುಮನಾಬಾದಿನ ಪಾತ್ರೆ ವ್ಯಾಪಾರಿಯ ಟೆಂಪೋಗೆ ಏರಿಸಿ, ಬದಲಿಗೆ ಫಳಫಳಿಸುವ ಆರು ಸ್ಟೀಲ್ ಡಬ್ಬಿ ಇಳಿಸಿಕೊಂಡ.

ಹುಚ್ಚು ಇನ್ನೂ ಇಳಿದಿರಲಿಲ್ಲ. ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. ಸ್ನೇಹಲ್ ಆಡಿ ಬೇಸತ್ತ ಕಾರಿನ ಆಟವೊಂದು ಅದರಲ್ಲಿತ್ತು. ತೆಗೆಯಹೊರಟಾಗ ಯಂತ್ರ ವಿನಯದಿಂದ ಕೇಳಿತು: ಇದು ಹಲವರು ಹಂಚಿಕೊಂಡು ಬಳಸುವ ಫೈಲು, ಈಗ ಯಾರೂ ಬಳಸುತ್ತಿರುವಂತೆ ಕಾಣುವುದಿಲ್ಲ, ತೆಗೆಯಲೇ? ಯಾರೂ ಬಳಸದ್ದನ್ನು ಇಟ್ಟುಕೊಂಡು ಮಾಡುವುದೇನು? ಧನರಾಜ ‘ಎಲ್ಲಕ್ಕೂ ಹೌದು’ ಒತ್ತಿದ.

ಆಮೇಲೆ ಮಗಳ ಪ್ರಾಜೆಕ್ಟ್ ವರದಿ ನೋಡೋಣವೆಂದು ಹೋದರೆ ಅದು ತೆರೆಯಲೇ ಇಲ್ಲ. ಬೇಕಾದ ಡಿಎಲ್‌ಎಲ್ ಎಂಬ ಹಂಚಿಕೆಯ ಫೈಲು ಸಿಗುತ್ತಿಲ್ಲ ಎಂಬ ಬೂದು ಪೆಟ್ಟಿಗೆಯೊಂದು ಎದುರು ಬಂದು ನಿಂತಿತು. ಮುಚ್ಚಿದ, ಮತ್ತೆ ಬಂತು. ಸ್ನೇಹಲ್ ಮೂರು ತಿಂಗಳು ಕೂತು ಬರೆದ ವರದಿ. ನಾಳೆ ಬೆಳಿಗ್ಗೆ ಕೊಡದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಸಂಜೆ ಆರಕ್ಕೆ ಬಂದು ಪ್ರಿಂಟ್ ತೆಗೆಯುತ್ತೇನೆ ಎಂದು ಹೇಳಿಯೇ ಹೋಗಿದ್ದಳು.

ಧನರಾಜ “ಅಯ್ಯೋ” ಎಂದದ್ದು ಪಕ್ಕದ ಮನೆಯ ಬಸವಣಪ್ಪನಿಗೆ ಕೇಳಿಸಿತು.

“ಬಂದ್ ಮಾಡಿ ಚಾಲೂ ಮಾಡ್ರಿ. ನಮ್ಮ ಟೀವಿ ಹಂಗೇ ಸುಧಾರಸ್ತದ,” ಎನ್ನುತ್ತ ಒಳಗೆ ಬಂದ.

ಧನರಾಜ ಮಾಡಿದ. ಬೂದು ಪೆಟ್ಟಿಗೆ ಹಾಗೇ ಇತ್ತು. ಎದುರು ಮನೆಯ ಚಂದಮ್ಮ ಮೊಣಕಾಲು ಹಿಡಿದುಕೊಂಡೇ ಬಂದಳು. “ಮಷೀನು ಕಾದಿರ್ಬೇಕು ನೋಡ್ರಿ. ಒಂದು ಹಸಿ ಬಟ್ಟಿ ಹೊಚ್ರಿ.”

“ಛೇ, ಒಳಗ ಎಲ್ಲೋ ಸಿಕ್ಕೊಂಡಾದ,” ಎಂದು ಬಸವಣಪ್ಪ ಮಾನಿಟರಿನ ನೆತ್ತಿಗೆ ಎರಡು ತಟ್ಟಿದ. ಧನರಾಜ ಇಬ್ಬರನ್ನೂ ಹೇಗೋ ಹೊರಗೆ ಕಳಿಸಿ, ಕಂಪ್ಯೂಟರ್ ಮಾರಿದ ಹುಮನಾಬಾದಿನ ಮೊಹಿನುದ್ದೀನನಿಗೆ ಫೋನು ಹಚ್ಚಿದ.

“ಫೈಲಿನ ಹೆಸರು ಬರಕೊಂಡು ಒಂದು ಖಾಲಿ ಫ್ಲಾಪಿ ತರ್ರಿ ಸಾಬ್. ಮತ್ತೇನೂ ಮುಟ್ಟಬ್ಯಾಡ್ರಿ,” ಎಂದ ಮೊಹಿನುದ್ದೀನ್.

ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿತು. ಫ್ಲಾಪಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತವನನ್ನು ಕಂಡು ಕಂಡಕ್ಟರ್, “ಏನ್ರಿ ಅದು?” ಎಂದ.

“ಫೈಲ್ ಕಳದಾದ್ರಿ. ತರಾಕ ಹೊಂಟೀನಿ.”

“ಇಷ್ಟು ಸಣ್ಣದ್ರಾಗ ಹಿಡಿತದೇನ್ರಿ?”

“ಹಿಡಿತದ,” ಎಂದ ಧನರಾಜ. ಅಷ್ಟರಲ್ಲಿ ಬಸ್ಸು ಪಾತ್ರೆ ವ್ಯಾಪಾರಿಯ ಟೆಂಪೋವನ್ನು ದಾಟಿತು. ಸಾಮಾನಿನ ಮೇಲೆ ಹಂಡೆ ಠೀವಿಯಿಂದ ಕೂತಿತ್ತು. ಅಟ್ಟದ ಕೆಲಸವಾದರೂ ಸುಸೂತ್ರವಾಯಿತಲ್ಲ ಎಂದು ಧನರಾಜ ಕಿಟಕಿಯಿಂದ ಕೈಬೀಸಿದ.

ಮೊಹಿನುದ್ದೀನ್ ಕತೆಯೆಲ್ಲ ಕೇಳಿ ನಕ್ಕ. “ಬಾವಿಗೆ ಒಂದು ಹಗ್ಗ ಇರ್ತದ ಸಾಬ್. ನಾಕು ಮನಿಯವ್ರು ಅದರಿಂದೇ ನೀರು ಸೇದ್ತಾರ. ಒಬ್ಬಾವ ಊರು ಬಿಡೋವಾಗ ಹಗ್ಗಾನೂ ಒಗದು ಹೋದ್ರ ಉಳದವ್ರು ಏನ್ ಮಾಡ್ಬೇಕು? ನಿಮ್ಮ ಆಟದ ಸಂಗಟ ಹಗ್ಗಾನೂ ಹೋತು.”

“ಯಾರೂ ಬಳಸಾಂಗಿಲ್ಲ ಅಂತ ಮಷೀನೇ ಹೇಳ್ತಲ್ರಿ?”

“ಹಂಗ ಕಾಣ್ತದ ಅಂತು, ಅಷ್ಟೇ. ಗ್ಯಾರಂಟಿ ಎಲ್ಲಿ ಕೊಡ್ತು?” ಎಂದ ಮೊಹಿನುದ್ದೀನ್. ಯಂತ್ರದಲ್ಲಿರುವುದು ವಿಂಡೋಸ್ ತೊಂಬತ್ತೆಂಟೋ ತೊಂಬತ್ತೈದೋ ಎಂದು ಎರಡು ಸಲ ವಿಚಾರಿಸಿ, ಸರಿಹೊಂದುವ ಫೈಲನ್ನೇ ಫ್ಲಾಪಿಗೆ ಇಳಿಸಿದ. “ಸಿಸ್ಟಮ್ ಫೋಲ್ಡರಿನಾಗ ಇಡ್ರಿ. ಬಂದ್ ಮಾಡಿ ಚಾಲೂ ಮಾಡ್ರಿ.”

ಐದೂವರೆಗೆ ಧನರಾಜ ಹಾಗೆಯೇ ಮಾಡಿದ. ಕಣ್ಣು ಮುಚ್ಚಿ ಗುಂಡಿ ಒತ್ತಿದ. ತೆರೆದಾಗ ವರದಿ ಎದುರಿಗಿತ್ತು, ಅರವತ್ತೆರಡು ಪುಟ, ಒಂದಕ್ಷರ ಕಡಿಮೆಯಿಲ್ಲ. ಅವನಿಗೆ ಅಳುವೇ ಬಂತು. ಸ್ನೇಹಲ್ ಆರಕ್ಕೆ ಬಂದಳು, ಪ್ರಿಂಟರು ಕರಕರ ಎಂದಿತು, ಅವಳಿಗೆ ಏನೂ ಗೊತ್ತಾಗಲಿಲ್ಲ. ಇಂಥ ಹಗುರವಾದ ಸಂಜೆ ಧನರಾಜನಿಗೆ ವರ್ಷಗಳಿಂದ ಸಿಕ್ಕಿರಲಿಲ್ಲ.

ಖುಷಿ ಬಾಯಿ ಕಟ್ಟಿ ಕೂರಗೊಡಲಿಲ್ಲ. ನಾರಾಯಣಪುರದಿಂದ ಮರಳಿದ ಹೆಂಗಸರು, ಬಸವಣಪ್ಪ, ಚಂದಮ್ಮ ಎಲ್ಲರೂ ಕಟ್ಟೆಯ ಮೇಲೆ ಕೂಡಿದ್ದರು.

“ನಾ ಮುಂಜಾನೇನೇ ಹೇಳಿದ್ದೆ, ಬಂದ್ ಮಾಡಿ ಚಾಲೂ ಮಾಡ್ರಿ ಅಂತ,” ಎಂದ ಬಸವಣಪ್ಪ.

“ಅದಲ್ರಿ. ನಾಕು ಮಂದಿ ಬಳಸೋ ಸಾಮಾನದು. ಇವತ್ತು ಸುಮ್ಮನ ಕುಂತಾದ ಅಂತ ಕೇಳದೆ ತೆಗದು ಒಗದ್ರ, ಎಲ್ಲಾರ ಕೆಲಸ ನಿಲ್ತದ. ಅಷ್ಟು ಅಕಲ್ ಇರ್ಬೇಕು ಮನಷಾಗ,” ಎಂದು ಧನರಾಜ ಗಂಭೀರವಾಗಿ ಬೋಧಿಸಿದ.

“ಖರೇ ಅಂದ್ರಿ,” ಎಂದು ಬಸವಣಪ್ಪ ತಲೆದೂಗಿದ. “ಈಗ ಅಟ್ಟದ ಮ್ಯಾಲಿನ ಓಣಿ ಹಂಡೆ ಇಳಸ್ರಿ. ನಾಳೆ ನಮ್ಮ ಮಗಳು ಭುವನೇಶ್ವರಿ ಕುಬಸ. ಮುನ್ನೂರು ಮಂದಿಗೆ ಹುಗ್ಗಿ ಆಗ್ಬೇಕು.”

ಓಣಿಯ ಹಂಡೆ! ಮೂವತ್ತು ಮನೆಗಳ ಮದುವೆ, ಸೀಮಂತದ ಕುಬಸಗಳಿಗೆ ಬೇಯಿಸಿದ ಹಂಡೆ. ವರ್ಷಕ್ಕೊಂದು ಮನೆಯ ಅಟ್ಟದಲ್ಲಿ ಇಡುವ ರೂಢಿ, ಈ ವರ್ಷ ಸರದಿ ಧನರಾಜನದು. ಬೆಳಗಿನ ಹುಚ್ಚಿನಲ್ಲಿ ಅದು ನೆನಪಿಗೇ ಬಂದಿರಲಿಲ್ಲ. ಒಳಗಿನಿಂದ ಲಲಿತಾಬಾಯಿಯ ದನಿ ಬಂತು: “ಏನ್ರಿ, ಈ ಆರು ಡಬ್ಬಿ ಎಲ್ಲಿಂದ ಬಂದ್ವು?”

ಏಳು ಗಂಟೆಯ ಹುಮನಾಬಾದ್ ಬಸ್ಸಿನಲ್ಲಿ ಅದೇ ಕಂಡಕ್ಟರ್ ಇದ್ದ. ಮಡಿಲಲ್ಲಿ ಸ್ಟೀಲ್ ಡಬ್ಬಿಗಳ ಚೀಲ ಇಟ್ಟುಕೊಂಡು ಕೂತವನನ್ನು ಕಂಡು, “ಮತ್ತೊಂದು ಫೈಲ್ ಕಳೀತೇನ್ರಿ?” ಎಂದ.

“ಹೌದ್ರಿ,” ಎಂದ ಧನರಾಜ. “ಈ ಸಲದ್ದು ಫ್ಲಾಪಿದಾಗ ಹಿಡಿಯಾಂಗಿಲ್ಲ.”