ಅಪ್ಪನಿಗೆ ನೀಹಾರಿಕೆ ತೋರಿಸಲು ಗೊತ್ತುಮಾಡಿದ ವೇಳೆ

ಓದಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವುದನ್ನೂ ಸುಮ್ಮನೆ ಮಾಡಲಾರ. ಎಣ್ಣೆನೀರು ಹಾಕಿಕೊಳ್ಳುವುದಿದ್ದರೂ ಮೊದಲು ಕಾಗದ, ಪೆನ್ಸಿಲು ಬೇಕು. ನನಗಂತೂ ಈ ಚಟ ಕೊಂಚ ಹೆಚ್ಚು. ನಮ್ಮ ವಂಶದಲ್ಲಿ ಬಿ.ಎಸ್‌ಸಿ. ಪಾಸಾದ ಮೊದಲನೆಯವನು ನಾನು. ಈ ಸಂಗತಿ ಹೇಳದೆ ನಾನು ಮಾತೇ ಶುರುಮಾಡುವುದಿಲ್ಲವೆಂದು ನನ್ನ ಹೆಂಡತಿ ನಂಜಮ್ಮನ ದೂರು. ಈ ಸಲ ನಾಲ್ಕು ವಾಕ್ಯ ತಡೆದುಕೊಂಡಿದ್ದೇನೆ, ಅದು ಗಮನಕ್ಕೆ ಬರಲಿ.

ಮಧುಗಿರಿಯ ಸ್ಕೂಲಿನಲ್ಲಿ ನಾನು ಸೈನ್ಸ್ ಮೇಷ್ಟ್ರು. ಆ ವರ್ಷ ಯುಗಾದಿಗೆ ಎಂಟು ದಿನ ಮುಂಚೆ, ಬುಕ್ಕಾಪಟ್ಟಣದ ಕಡೆಯ ನಮ್ಮೂರಿನಿಂದ ಅಪ್ಪ ಬಂದ. ನಾನು ಓದುತ್ತಿದ್ದಷ್ಟು ವರ್ಷವೂ ಮಗನ ಕೈ ಆಸರೆಯಿಲ್ಲದೆ ಒಬ್ಬನೇ ಉತ್ತವನು. ನನ್ನ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಕಾಗದ ಕಣ್ಲಾ ಪುಟ್ಟಪ್ಪ. ಅಷ್ಟು ವರ್ಷ ಓದ್ದಲ್ಲ, ಅದ್ರಲ್ಲಿ ನಾನು ಕಣ್ಣಲ್ಲಿ ನೋಡಂಥದ್ದು ಏನಾರ ಐತಾ?" ಅಂದ. ತಮಾಷೆಗೆ ಕೇಳಿದ್ದಲ್ಲ. ಅದು ನನಗೆ ನಾಟಿತು.

ಮೃಗಶಿರೆಯ ಹತ್ತಿರ, ಸಾಲಾಗಿ ನಿಂತ ಮೂರು ಚುಕ್ಕಿಗಳ ಪಕ್ಕದಲ್ಲಿ ಒಂದು ನೀಹಾರಿಕೆ ಇದೆ, ಬೆಳಕಿನ ಮೋಡ. ಅದನ್ನೇ ತೋರಿಸುವುದೆಂದು ಹೆಡ್ಮಾಸ್ಟರ ದುರ್ಬೀನು ಕೇಳಿ ತಂದೆ. ಇನ್ನು ವೇಳೆ ಗೊತ್ತುಮಾಡಬೇಕು. ಚಂದ್ರ ಇರಬಾರದು. ಅಮಾವಾಸ್ಯೆಯಾದರೆ ಸರಿ, ಆದರೆ ಯುಗಾದಿಯ ಮೊದಲ ಉಳುಮೆಗೆ ಅಪ್ಪ ಊರಲ್ಲಿರಬೇಕು. ಚತುರ್ದಶಿ ಬೆಳಗಿನ ಬಸ್ಸಿಗೇ ಹೊರಡುತ್ತಾನೆ. ಹಾಗಾಗಿ ತ್ರಯೋದಶಿಯ ರಾತ್ರಿ. ಗಂಟೆ? ಸಂಜೆ ದನ ಬರುವ ಧೂಳು, ಏಳಕ್ಕೆ ಬೀದಿಯ ಒಲೆಗಳ ಹೊಗೆ, ಎಂಟೂವರೆವರೆಗೆ ಎದುರಿನ ಕಾಫಿ ಹೋಟೆಲಿನ ಗ್ಯಾಸ್‌ಲೈಟು. ಎಲ್ಲ ಕಳೆದು, ಒಂಬತ್ತು ಗಂಟೆ ಎಂದು ಬರೆದು ಕೆಳಗೆ ಎರಡು ಗೀಟು ಎಳೆದೆ.

ಅಂದು ಅಪ್ಪ ಏಳೂವರೆಗೇ ಮುದ್ದೆ ಉಂಡು ಜಗುಲಿಗೆ ಬಂದ.

"ಮೂರು ಚುಕ್ಕಿ ಅಲ್ಲೇ ಅವಲ್ಲೋ. ತೋರ್ಸು."

"ಇರಪ್ಪ, ಇನ್ನೂ ಹೊತ್ತಾಗಿಲ್ಲ."

"ಚುಕ್ಕಿ ಬಂದ್ಮೇಲೂ ಹೊತ್ತಾಗಾಕಿಲ್ವೇನ್ಲಾ?"

ಹೋಟೆಲಿನ ದೀಪದ ವಿಷಯ ವಿವರಿಸಿದೆ. ಓದಿದವನ ಮಾತೆಂದು ಒಪ್ಪಿಕೊಂಡ.

ಒಂಬತ್ತಕ್ಕೆ ಸರಿಯಾಗಿ ಇಬ್ಬರೂ ಬೀದಿಗಿಳಿದೆವು. ಹೋಟೆಲಿನ ದೀಪ ಆರಿತ್ತು. ಹೊಗೆ ಇರಲಿಲ್ಲ, ಚಂದ್ರನಿರಲಿಲ್ಲ. ಮೂರು ಚುಕ್ಕಿಯೂ ಇರಲಿಲ್ಲ. ಪಡುವಲಲ್ಲಿ ಅವು ಇರಬೇಕಾಗಿದ್ದ ಕಡೆ ಮಧುಗಿರಿಯ ಬೆಟ್ಟ ನಿಂತಿತ್ತು.

ನಂಜಮ್ಮ ಬಾಗಿಲಿನಿಂದಲೇ, "ಸಂಡಿಗೆ ಒಣಗಾಕಿದ್ರೆ ನಾಲ್ಕೂವರೆಗೇ ಎತ್ತಿಡ್ತೀನಿ. ಸೂರ್ಯನನ್ನೇ ಬಿಡದ ಬೆಟ್ಟ, ಚುಕ್ಕೀನ ಬಿಡುತ್ತಾ? ಕೇಳಿದ್ರೆ ನಾನೇ ಹೇಳ್ತಿದ್ದೆ" ಅಂದಳು. ಮೂರು ವರ್ಷದಿಂದ ಆ ಬೆಟ್ಟದ ಬುಡದಲ್ಲೇ ಸಂಸಾರ ಮಾಡುತ್ತಿದ್ದೇನೆ. ನನ್ನ ಕಾಗದದಲ್ಲಿ ಕಾಫಿ ಹೋಟೆಲು ಕೂಡ ಇತ್ತು, ಅಷ್ಟು ದೊಡ್ಡ ಬೆಟ್ಟ ಇರಲಿಲ್ಲ.

ಬೆಳಗಾದರೆ ಬಸ್ಸು. ಅಪ್ಪ ಕಂಬಳಿ ಹೆಗಲಿಗೇರಿಸಿ, "ಬೆಟ್ಟ ಎಂಗೂ ಜರುಗಾಕಿಲ್ಲ, ನಾವೇ ಜರುಗಾನ ನಡಿ" ಎಂದು ಶಿರಾ ರಸ್ತೆ ಹಿಡಿದ. ಲಾಟೀನು ಹಿಡಿದು ಹಿಂದೆ ಹೋದ ನಾನು ಎರಡು ಸಲ ಎಡವಿದೆ. ಕತ್ತಲಲ್ಲಿ ಮುಂದೆ ನಡೆದ ಅಪ್ಪ ಒಂದು ಸಲವೂ ಎಡವಲಿಲ್ಲ. ಊರು ದಾಟಿ ಒಂದು ಮೈಲಿಗೆ ಬೆಟ್ಟ ಪಕ್ಕಕ್ಕಾಯಿತು. ಮೂರು ಚುಕ್ಕಿ ತೀರ ಕೆಳಕ್ಕಿಳಿದಿದ್ದವು. ದುರ್ಬೀನನ್ನು ಅಪ್ಪನ ಕೈಗೆ ಕೊಟ್ಟು, ಎಲ್ಲಿ ನೋಡಬೇಕೆಂದು ಬೆರಳು ಮಾಡಿದೆ. ಅಪ್ಪ ಅದನ್ನು ಕಣ್ಣಿಗಿಟ್ಟುಕೊಂಡ.

"ಕಂಡ್ತಾ ಅಪ್ಪ?"

"ಸುಮ್ಕಿರ್ಲಾ. ಕರೀ ಕಂಬಳಿ ಮ್ಯಾಲೆ ತೊಟ್ಟು ಮಜ್ಜಿಗೆ ಬಿದ್ದು, ಕೈಯಾಗೆ ಒರೆಸ್ದಂಗೈತೆ." ಮತ್ತಷ್ಟು ನೋಡಿ, "ಇದ್ರ ಕೆಳಗೇ ಹೊಲ ಕಾದಿದೀನಿ, ಒಂದಿನ ಕಂಡಿರ್ಲಿಲ್ಲ. ನಿನ್ನ ಓದ್ಸಿದ್ದು ದಂಡ ಆಗ್ಲಿಲ್ಲ ಬುಡು" ಅಂದ.

ಹಿಗ್ಗಿನಲ್ಲಿ ನಾನು ನನ್ನ ಸರದಿಗೆಂದು ಕೈ ಚಾಚಿಕೊಂಡೇ ನಿಂತಿದ್ದೆ. ಅಪ್ಪ ಮನಸ್ಸು ತುಂಬ ನೋಡಿ ದುರ್ಬೀನು ಕೊಡುವಷ್ಟರಲ್ಲಿ ಎಲ್ಲವೂ ದಿಗಂತದ ಮಬ್ಬಿನಲ್ಲಿ ಕರಗಿತ್ತು. ದುರ್ಬೀನನ್ನು ಮಾರನೆಯ ದಿನವೇ ಹಿಂದಿರುಗಿಸಬೇಕಿತ್ತು. ಮೂರು ಚುಕ್ಕಿ ಮತ್ತೆ ಮೇಲೇರುವ ಮುಂದಿನ ಚಳಿಗಾಲದ ಹೊತ್ತಿಗೆ ಹೆಡ್ಮಾಸ್ಟರಿಗೆ ವರ್ಗವಾಯಿತು, ಅವರ ಜೊತೆ ದುರ್ಬೀನಿಗೂ. ಸತ್ಯ ಹೇಳಬೇಕೆಂದರೆ ನಾನು ಇವತ್ತಿನವರೆಗೆ ನೀಹಾರಿಕೆಯನ್ನು ನೋಡಿಲ್ಲ. ಆದರೂ ಕ್ಲಾಸಿನಲ್ಲಿ ಹುಡುಗರು, "ಅದು ಹೇಗಿರುತ್ತೆ ಸಾರ್?" ಎಂದರೆ ಪುಸ್ತಕ ಮುಚ್ಚುತ್ತೇನೆ. ಗಂಟಲು ಸರಿಮಾಡಿಕೊಂಡು, ಕಣ್ಣಾರೆ ಕಂಡವನ ಗತ್ತಿನಲ್ಲಿ, ಅಪ್ಪ ಹೇಳಿದ್ದನ್ನು ಶುದ್ಧ ಕನ್ನಡದಲ್ಲಿ ಒಪ್ಪಿಸಿಬಿಡುತ್ತೇನೆ.