ಪಾಲಾಕ್ಷಪ್ಪನ ಕಾರಿನ ಕೆಂಪು ಸಿಲಿಂಡರ್

ಪಾಲಾಕ್ಷಪ್ಪನ ಹಳೇ ಫಿಯೆಟ್ ಕಾರನ್ನು ಕೊಟ್ಟೂರಿನ ಆ ಓಣಿಯಲ್ಲಿ ಹತ್ತದವರಿರಲಿಲ್ಲ, ಅವನ ಹೆಂಡತಿ ಅನ್ನದಾನಮ್ಮ ಒಬ್ಬಳನ್ನು ಬಿಟ್ಟು. ಕಾರು ಕೊಂಡ ವಾರದಲ್ಲೇ ರೈಲ್ವೆ ಗೇಟಿನ ಹತ್ತಿರ ಬಾನೆಟ್ಟಿನಿಂದ ಒಂದಿಷ್ಟು ಹೊಗೆ ಬಂದಿತ್ತು. ಅಲ್ಲೇ ಇಳಿದು, ಸೆರಗು ಬಿಗಿದು ಮನೆಗೆ ನಡೆದು ಬಂದವಳು ಮತ್ತೆ ಅದರ ಬಾಗಿಲು ಮುಟ್ಟಿರಲಿಲ್ಲ. ತವರುಮನೆ ನೀಲಗುಂದಕ್ಕೆ ಹೊರಟರೆ ಮುಂದೆ ಬಸ್ಸಿನಲ್ಲಿ ಅವಳು, ಹಿಂದೆ ಖಾಲಿ ಕಾರಿನಲ್ಲಿ ಇವನು. ಅವಳ ಅಣ್ಣತಮ್ಮಂದಿರು ಅದನ್ನು ಕಂಡು ಮೀಸೆಯೊಳಗೇ ನಗುತ್ತಿದ್ದರು.

ಇವತ್ತು ನೀಲಗುಂದದಲ್ಲಿ ಅವಳ ಅಣ್ಣನ ಮೊಮ್ಮಗನ ತೊಟ್ಟಿಲ ಶಾಸ್ತ್ರ. ಈ ಸಲವಾದರೂ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೋಗಿ ಮಾವನ ಮನೆಯ ಮುಂದೆ ಇಳಿಸಬೇಕೆಂಬುದು ಪಾಲಾಕ್ಷಪ್ಪನ ಜೀವದಾಸೆ. ಅದಕ್ಕೆಂದೇ ಹೊಸಪೇಟೆಯಿಂದ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತಂದಿದ್ದ.

“ಇದನ್ನ ಗಾಡ್ಯಾಗ ಕೂಡ್ರಿಸಿದ್ರ ಬರ್ತೀಯೇನು?”

“ಮೊದಲು ಕೂಡ್ರಸ್ರಿ. ಆಮ್ಯಾಲೆ ನೋಡೂಣು,” ಎಂದಳು ಅನ್ನದಾನಮ್ಮ.

ಮೆಕ್ಯಾನಿಕ್ ಸಿರಾಜುದ್ದೀನ ಡ್ರಿಲ್ಲು ಹಿಡಿದು ಬಂದ. ಅವನ ಹಿಂದೆಯೇ ಊರ ಉಸಾಬರಿಯೂ ಬಂತು. ಎದುರು ಮನೆಯ ಸೋಮಪ್ಪ, “ಡಿಕ್ಕ್ಯಾಗ ಇಡ್ರಿ, ಕಳ್ಳರ ಕಣ್ಣಿಗೆ ಬೀಳಂಗಿಲ್ಲ,” ಎಂದ. ಪಕ್ಕದ ಮನೆಯ ಜಂಬಮ್ಮ, “ಎಲ್ಲೇ ಇಡ್ರಿ, ಪೂರ್ವಕ್ಕ ಮುಖ ಇರಬೇಕು,” ಎಂದಳು.

“ಗಾಡಿ ತಿರುಗಿದಂಗ ಪೂರ್ವಾನೂ ತಿರುಗ್ತೈತೇನು ಜಂಬಕ್ಕ?” ಎಂದು ಸಿರಾಜುದ್ದೀನ ನಕ್ಕ. “ಬೆಂಕಿ ಹತ್ತಿದಾಗ ಡಿಕ್ಕಿ ಕೀಲಿ ಹುಡುಕ್ಕೋಂತ ನಿಂದರಾಕ ಆಗ್ತೈತೇನ್ರಿ ಸೋಮಪ್ಪರ? ಡ್ರೈವರ್ ಕೈಗೆ ಸಿಗಬೇಕು. ಈ ಸಿರಾಜು ಕೂಡ್ರಿಸಿದ್ದು ಜಿಲ್ಲಾದಾಗ ಯಾರೂ ಕೂಡ್ರಿಸಂಗಿಲ್ಲ!”

ಜಂಬ ಕೊಚ್ಚಿದರೂ ಅವನ ಕೆಲಸ ಮಾತ್ರ ನೋಡುವಂತಿತ್ತು. ಮುಂದಿನ ಎರಡು ಸೀಟುಗಳ ನಡುವೆ ಕಬ್ಬಿಣದ ಪಟ್ಟಿ ಬಗ್ಗಿಸಿ ಬೋಲ್ಟ್ ಹಾಕಿದ. ಗಡಗಡ ಸದ್ದಾಗದಂತೆ ಒಳಗೆ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿದ. ಹೆಬ್ಬೆರಳಿನಿಂದ ಒತ್ತಿದರೆ ಕ್ಲಿಪ್ಪು ಟಕ್ಕೆಂದು ಬಿಚ್ಚಿ ಸಿಲಿಂಡರ್ ಕೈಗೆ ಬರುತ್ತಿತ್ತು. ಓಣಿಯವರೆಲ್ಲ ಒಬ್ಬೊಬ್ಬರಾಗಿ ಒತ್ತಿ ನೋಡಿ ತಲೆದೂಗಿದರು. ಅನ್ನದಾನಮ್ಮನೂ ಹೊಸ ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು. ಪಾಲಾಕ್ಷಪ್ಪ ಕಾರಿನ ಕೀಲಿ ಕೈಗೆತ್ತಿಕೊಂಡ.

“ಪೂಜಿ ಇಲ್ದ ಹೆಂಗ ಹೋಗ್ತೀರಿ?” ಎಂದು ಜಂಬಮ್ಮ ಅಡ್ಡ ನಿಂತಳು.

ಹೊಸ ಪೊರಕೆಗೂ ಕುಂಕುಮ ಹಚ್ಚುವ ಓಣಿ ಅದು. ಸಿಲಿಂಡರಿಗೆ ವಿಭೂತಿ ಬಿತ್ತು, ಚೆಂಡುಹೂವಿನ ಹಾರ ಬಿತ್ತು. ಜಂಬಮ್ಮ ಕರ್ಪೂರ ಬೆಳಗಿ, ಆರತಿ ತಟ್ಟೆಯನ್ನು ಸೀಟಿಗೆ ಹೊದಿಸಿದ್ದ ಟರ್ಕಿ ಟವೆಲ್ಲಿನ ಮೇಲಿಟ್ಟು, “ಸೋಮಪ್ಪಾ, ಕಾಯಿ ಒಡಿಯಪ್ಪಾ,” ಎಂದು ಹಿಂದೆ ತಿರುಗಿದಳು. ತಟ್ಟೆ ವಾಲಿತು. ಸೋಮಪ್ಪ ಕಾಯಿ ಎತ್ತುವಷ್ಟರಲ್ಲಿ ಟವೆಲ್ಲು ಧಗ್ಗೆಂದಿತು.

“ಬೆಂಕಿ! ಬೆಂಕಿ! ನೀರು ತರ್ರಿ!”

“ನೀರ್ಯಾಕ್ರಿ, ಅದನ್ನ ತಗೀರಿ!” ಸಿರಾಜುದ್ದೀನ ಕೂಗಿದ.

ಪಾಲಾಕ್ಷಪ್ಪ ಒಳಗೆ ನುಗ್ಗಿ ಹೆಬ್ಬೆರಳು ಒತ್ತಿದ. ಟಕ್! ಹಾರದ ಸಮೇತ ಸಿಲಿಂಡರ್ ಕೈಗೆ ಬಂತು. ಪಿನ್ನು ಕಿತ್ತ. ಗಡಿಬಿಡಿಯಲ್ಲಿ ಮೊದಲು ಕಾಯಿ ಹಿಡಿದು ನಿಂತಿದ್ದ ಸೋಮಪ್ಪನಿಗೆ ಅದರೊಳಗಿನ ಬಿಳಿ ಪುಡಿಯ ಅಭಿಷೇಕವಾಯಿತು. ಆಮೇಲೆ ಸೀಟಿಗೆ. ಬೆಂಕಿ ಕಣ್ಣುಮುಚ್ಚಿ ತೆರೆಯುವುದರಲ್ಲಿ ಸತ್ತಿತ್ತು. ಆದರೂ ಗಾಬರಿಗೆ ಅವನ ಬಿಗಿಹಿಡಿತ ಸಡಿಲಾಗಲಿಲ್ಲ, ಸಿಲಿಂಡರ್ ಸುಸ್ತಾಗಿ ತಾನೇ ಸುಮ್ಮನಾಯಿತು.

ಓಣಿ ಚಪ್ಪಾಳೆ ತಟ್ಟಿತು. ಬೆಳ್ಳಗಾದ ಸೋಮಪ್ಪನೂ ಕೆಮ್ಮುತ್ತಲೇ, “ಭಲೇ!” ಎಂದ. ಅನ್ನದಾನಮ್ಮನ ಕಣ್ಣಲ್ಲಿ ನೀರು.

“ಇಷ್ಟು ದಿನ ನಾನಽ ತಪ್ಪು ತಿಳಕೊಂಡಿದ್ದೆ. ಎಂಥಾ ಸಾಮಾನು ತಂದೀರಿ! ಎಂಥಾ ಧೈರ್ಯ ನಿಮ್ದು!”

ಮದುವೆಯಾದ ಮೇಲೆ ಇಂಥ ಮಾತನ್ನು ಪಾಲಾಕ್ಷಪ್ಪ ಕೇಳಿದ್ದೇ ಇಲ್ಲ. ಸೀಟು ಒರೆಸಿ, ಬಾಗಿಲು ತೆರೆದು ನಿಂತ.

“ಹಂಗಾರ ಕುಂದ್ರು, ಹೋಗೂಣು.”

ಅವಳು ಒಂದು ಕಾಲು ಒಳಗಿಟ್ಟು ನಿಂತಳು. “ಸಿರಾಜಣ್ಣ, ಅದರಾಗ ಇನ್ನೊಂದ್ ಸಲಕ್ಕ ಆಗೂವಷ್ಟು ಐತೇನು?”

“ಎಲ್ಲೀದ್ರಿ ಅಮ್ಮಾರ? ಪೂರಾ ಖಾಲಿ. ಹೊಸಪೇಟಿಗೇ ಹೋಗಿ ತುಂಬಿಸ್ಕೊಂಡು ಬರಬೇಕು.”

ಇಟ್ಟ ಕಾಲು ಹಿಂದಕ್ಕೆ ಬಂತು. “ಕಣ್ಣಾರೆ ಕಂಡಮ್ಯಾಗ ಅದಿಲ್ದ ಗಾಡ್ಯಾಗ ಹೆಂಗ್ರಿ ಕುಂದರ್ಲಿ?” ಎಂದವಳೇ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟಳು. ಪಾಲಾಕ್ಷಪ್ಪನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಿಟ್ಟುಸಿರು ಬಿಟ್ಟು, ಎಂದಿನಂತೆ ಬಸ್ಸಿನ ಹಿಂದೆ ಹೋಗೋಣವೆಂದು ಸ್ಟೇರಿಂಗಿನ ಮುಂದೆ ಕೂತ.

ಅನ್ನದಾನಮ್ಮ ದುಡುದುಡು ತಿರುಗಿ ಬಂದಳು. “ಇಳೀರಿ ಮೊದಲು! ಖಾಲಿ ಸಿಲಿಂಡರ್ ಇಟ್ಕೊಂಡು ಒಬ್ಬರಽ ಬರ್ತೀರೇನು? ನಿಮಗೇನರ ಆದ್ರ ನಾ ಏನ್ ಮಾಡ್ಲಿ?”

ಹರಪನಹಳ್ಳಿ ಬಸ್ಸಿನಲ್ಲಿ ಇದ್ದದ್ದು ಒಂದೇ ಸೀಟು. ಅದರಲ್ಲಿ ಅವಳು ಕೂತು, ಗಂಡನ ಶೌರ್ಯವನ್ನು ಇಡೀ ಬಸ್ಸಿಗೆ ಹೇಳುತ್ತ ಬಂದಳು. ಜನ ಬೆರಗಾಗಿ ತಿರುತಿರುಗಿ ನೋಡಿದರು. ತಲೆಯಿಂದ ಕಾಲಿನವರೆಗೆ ಪುಡಿ ಮೆತ್ತಿಕೊಂಡ ಪಾಲಾಕ್ಷಪ್ಪ ಕಾರಿನ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು, ಮೇಲಿನ ಸರಳು ಹಿಡಿದು ನಿಂತೇ ಹೋದ.